ಧಾರವಾಡ ಶಿಲೆಗೆ ಹೆಸರಿಟ್ಟ ಬ್ರೂಸ್ ಫೂಟ್

ಪ್ರಪಂಚದಲ್ಲಿ ಇದುವರೆಗೆ ಸುಮಾರು 6,000 ಖನಿಜಗಳು ಗುರುತಿಸಲ್ಪಟ್ಟಿವೆ. ಅವುಗಳಲ್ಲಿ ಕನ್ನಡ ನಾಡಿನ ಊರೊಂದರ ಹೆಸರನ್ನು ಹೊತ್ತವು ತೀರ ವಿರಳ. ಅಂತಹ ವಿರಳವಾದ ಖನಿಜಗಳಲ್ಲಿ ಕೋಲಾರೈಟ್ ಎಂಬುದೊಂದು. ಅದು ಸೀಸ, ಟೆಲ್ಲೂರಿಯಮ್ ಮತ್ತು ಕ್ಲೋರಿನ್ ಎಂಬ ಮೂರು ಮೂಲವಸ್ತುಗಳಿಂದ ಕೂಡಿದುದು. ಕೋಲಾರದ ಚಿನ್ನದ ಗಣಿಯ ಅದಿರನ್ನು ಪರೀಕ್ಷಿಸುತ್ತಿದ್ದ ಭಾರತದ ಹಾಗೂ ಅಂದಿನ ಸೋವಿಯತ್ ಒಕ್ಕೂಟದ ವಿಜ್ಞಾನಿಗಳು 1985ರಲ್ಲಿ ಅದನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟರು. ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ ಈ ಕಣವು ಯಾವ ಶಿಲೆಯ ಒಡಲಿನಲ್ಲಿ ಹುದುಗಿದ್ದಿತೋ ಆ ಶಿಲೆಗಳ ವರ್ಗಕ್ಕೆ ಧಾರವಾಡ ವರ್ಗವೆಂದು ಹೆಸರು.

ಆ ಹೆಸರನ್ನು ಇಟ್ಟವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು. ಕೋಲಾರೈಟನ್ನು ಅವರು ಕಂಡವರಲ್ಲ. ಅದು ಬೆಳಕಿಗೆ ಬರುವುದಕ್ಕೆ 73 ವರ್ಷಗಳ ಮೊದಲೇ ಅವರು ತೀರಿಕೊಂಡಿದ್ದರು. ಆದರೆ ಚಿನ್ನವಾಗಲಿ ಅದರ ಸಂಗಡಿಗರಾದ ಅಪೂರ್ವ ಖನಿಜಗಳಾಗಲಿ ದಕ್ಷಿಣ ಭಾರತದಲ್ಲಿ ಎಲ್ಲಿ ಹುಡುಕಿದರೆ ದೊರೆತಾವು ಎಂಬುದನ್ನು ನಕ್ಷೆಯ ಮೇಲೆ ಗೆರೆಯೆಳೆದು ತೋರಿಸಿದವರು ಅವರೇ. ನಾವು ವಾಸಿಸುತ್ತಿರುವ ವಡೋದರಾಕ್ಕೂ ಅವರಿಗೂ ಸಂಬಂಧವಿದ್ದಿತು. ಕನ್ನಡ ನಾಡಿನ ಶಿಲೆಗಳನ್ನು ಓದಿದ ಕಣ್ಣುಗಳೇ ಗುಜರಾತಿನ ನದೀದಡಗಳನ್ನೂ ಓದಿದವು. ಆದುದರಿಂದ ಅವರ ಜೀವನವನ್ನು ಇಲ್ಲಿಯ ಕನ್ನಡ ವಿದ್ಯಾರ್ಥಿಗಳು ತಿಳಿದಿರುವುದು ಉಚಿತ.

ಫೂಟರು ಹುಟ್ಟಿದುದು ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್ ಎಂಬ ಪಟ್ಟಣದಲ್ಲಿ, 1834ನೆಯ ಇಸವಿ ಸೆಪ್ಟೆಂಬರ್ 22ರಂದು. ತಮ್ಮ 24ನೆಯ ವಯಸ್ಸಿನಲ್ಲಿ, 1858ರ ಡಿಸೆಂಬರ್ ತಿಂಗಳಲ್ಲಿ, ಅವರು ಭಾರತದ ಭೂಗರ್ಭ ಸಮೀಕ್ಷಾ ಇಲಾಖೆಯನ್ನು ಸೇರಿದರು. ಆ ಇಲಾಖೆಯು 1851ರಲ್ಲಿ ಸ್ಥಾಪಿತವಾಗಿ, ಥಾಮಸ್ ಓಲ್ಡ್‌ಹ್ಯಾಮ್ ಎಂಬುವರ ನಾಯಕತ್ವದಲ್ಲಿ ನಡೆಯುತ್ತಿದ್ದಿತು. ಕಲ್ಲಿದ್ದಲು, ಕಬ್ಬಿಣ ಮೊದಲಾದುವು ಎಲ್ಲೆಲ್ಲಿ ದೊರೆಯುತ್ತವೆಂಬುದನ್ನು ಕಂಡುಹಿಡಿಯುವುದೂ, ಅದಕ್ಕಾಗಿ ದೇಶದ ಶಿಲೆಗಳ ನಕ್ಷೆಯನ್ನು ಬರೆಯುವುದೂ ಅದರ ಕೆಲಸ. ತರುಣ ಫೂಟರಿಗೆ ಮದರಾಸು ಆಧಿಪತ್ಯದ ಭಾಗವು ಗೊತ್ತಾಯಿತು. ಆ ಕಾಲದ ಭೂಗರ್ಭಶಾಸ್ತ್ರಜ್ಞರ ಕೆಲಸವೆಂದರೆ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸವಲ್ಲ. ಮಳೆಗಾಲ ಕಳೆದೊಡನೆ ಡೇರೆ, ಸುತ್ತಿಗೆ, ದಿಕ್ಸೂಚಿ, ನಕ್ಷೆಯ ಹಾಳೆಗಳೊಡನೆ ಹೊರಟರೆ ಬೇಸಗೆಯ ಬಿಸಿಲು ತಡೆಯಲಾರದಷ್ಟು ಏರುವವರೆಗೆ ಬೆಟ್ಟಗುಡ್ಡಗಳಲ್ಲಿಯೂ ಹಳ್ಳಕೊಳ್ಳಗಳಲ್ಲಿಯೂ ಅಲೆದಾಟ. ಕಂಡ ಶಿಲೆ ಯಾವ ಜಾತಿಯದು, ಅದರ ಪದರ ಯಾವ ದಿಕ್ಕಿಗೆ ಬಾಗಿದೆ, ಅದರ ಕೆಳಗೆ ಏನಿದೆ, ಮೇಲೆ ಏನಿದೆ ಎಂಬುದನ್ನೆಲ್ಲ ಸ್ಥಳದಲ್ಲಿಯೇ ಬರೆದಿಡಬೇಕು. ಈ ಬರೆದಿಡುವ ಅಭ್ಯಾಸವೇ ಮುಂದೆ ಫೂಟರ ಕೀರ್ತಿಗೆ ಮುಖ್ಯ ಕಾರಣವಾಯಿತು.

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಮ್ ಎಂಬಲ್ಲಿ, ದಂಡಿನ ಕವಾಯತು ಮೈದಾನದ ಬಳಿ ಜಲ್ಲಿಗಾಗಿ ತೋಡಿದ್ದ ಗುಂಡಿಯೊಂದರಲ್ಲಿ, ಫೂಟರಿಗೆ ಒಂದು ಕಲ್ಲು ದೊರೆಯಿತು. ಇತರರು ನೋಡಿದ್ದರೆ ಅದೊಂದು ಒಡಕಲು ಕಲ್ಲೆಂದು ದಾಟಿ ಹೋಗುತ್ತಿದ್ದರು. ಆದರೆ ಅದರ ಎರಡೂ ಮುಖಗಳಿಂದ ಕ್ರಮವಾಗಿ ಚಕ್ಕೆಗಳನ್ನು ಎಬ್ಬಿಸಿ ಅಂಚನ್ನು ಹರಿತಗೊಳಿಸಿದ್ದುದು ಅವರ ಕಣ್ಣಿಗೆ ಗೋಚರವಾಯಿತು. ನೀರು ಕಲ್ಲನ್ನು ನುಣುಪು ಮಾಡೀತು, ಬಿಸಿಲು ಕಲ್ಲನ್ನು ಸೀಳೀತು. ಎರಡು ಕಡೆಯಿಂದಲೂ ಅಳತೆಯಿಟ್ಟಂತೆ ಚಕ್ಕೆ ತೆಗೆಯುವುದು ಮನುಷ್ಯನ ಕೈಯಿಂದಲ್ಲದೆ ಆಗದು. ಅದು ಹಳೆಯ ಶಿಲಾಯುಗದ ಕೈಗೊಡಲಿಯಾಗಿದ್ದಿತು. ಅದೇ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಅವರೂ ಅವರ ಸಹೋದ್ಯೋಗಿ ವಿಲಿಯಮ್ ಕಿಂಗರೂ ಕೂಡಿ ಅತ್ತಿರಂಪಾಕ್ಕಮ್ ಎಂಬ ಗ್ರಾಮದ ಹಳ್ಳದಲ್ಲಿ ಅಂತಹವೇ ಅನೇಕ ಆಯುಧಗಳನ್ನು ಕಂಡರು.

ಈ ಸಂಗತಿಯ ಮಹತ್ವವನ್ನು ತಿಳಿಯಬೇಕಾದರೆ ಆ ಕಾಲದ ವಿದ್ವಾಂಸರ ಸ್ಥಿತಿಯನ್ನು ನೆನೆಯಬೇಕು. ಫ್ರಾನ್ಸಿನ ಸೋಮ್ ನದಿಯ ಜಲ್ಲಿಯ ಪದರಗಳಲ್ಲಿ ದೊರೆತ ಕಲ್ಲಿನ ಆಯುಧಗಳು ನಿಜವಾಗಿಯೂ ಅತಿ ಪ್ರಾಚೀನ ಮಾನವನವೇ ಎಂದು ಇಂಗ್ಲೆಂಡಿನ ವಿದ್ವಾಂಸರು ಒಪ್ಪಿಕೊಂಡುದು 1859ರಲ್ಲಿ. ಅದಾಗಿ ನಾಲ್ಕೇ ವರ್ಷಗಳಲ್ಲಿ ಭಾರತದಲ್ಲಿಯೂ ಅಂತಹ ಮಾನವನು ಬಾಳಿದ್ದನೆಂಬುದು ಸಿದ್ಧವಾಯಿತು. ಸಿಂಧೂ ಕಣಿವೆಯ ನಾಗರಿಕತೆಯ ವಿಷಯ ಪ್ರಕಟವಾದುದು 1924ರಲ್ಲಿ. ಫೂಟರು ಕೈಗೊಡಲಿಯನ್ನು ಎತ್ತಿಕೊಂಡುದು ಅದಕ್ಕೂ 61 ವರ್ಷಗಳ ಹಿಂದೆ. ಅತ್ತಿರಂಪಾಕ್ಕಮಿನ ಅತ್ಯಂತ ಹಳೆಯ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಿಂದಿನವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಫೂಟರಿಗೆ ವರ್ಷಗಳ ಲೆಕ್ಕವನ್ನು ಹೇಳುವ ಸಾಧನವಿರಲಿಲ್ಲ. ಆದರೆ ಆಯುಧವು ಯಾವ ಪದರದಲ್ಲಿ ದೊರೆಯಿತೆಂಬುದನ್ನು ಅವರು ಬರೆದಿಟ್ಟಿದ್ದುದರಿಂದಲೇ, ಒಂದೂವರೆ ಶತಮಾನ ಕಳೆದ ಮೇಲೆಯೂ ಇತರರು ಅಲ್ಲಿಗೆ ಹೋಗಿ ಅದೇ ಪದರಗಳನ್ನು ಅಗೆದು ಲೆಕ್ಕ ಹಾಕುವುದು ಸಾಧ್ಯವಾಯಿತು.

ಅಲ್ಲಿಂದ ಮುಂದೆ ಫೂಟರ ಅಲೆದಾಟವು ಕನ್ನಡ ನಾಡಿನ ಕಡೆಗೆ ತಿರುಗಿತು. ಬೆಳಗಾವಿ, ಕಲಾದಗಿ, ಧಾರವಾಡ ಪ್ರಾಂತಗಳನ್ನೆಲ್ಲ ಅವರು ಸುತ್ತಿದರು. ಬಾಗಲಕೋಟೆಯ ಕಡೆಯ ಮರಳುಗಲ್ಲು, ಸುಣ್ಣಕಲ್ಲುಗಳ ಶ್ರೇಣಿಗೆ ಕಲಾದಗಿ ಶ್ರೇಣಿಯೆಂಬ ಹೆಸರು ಅವರಿಂದಲೇ ಬಂದಿತು. ಆ ಪ್ರಾಂತಗಳ ಭೂರಚನೆಯನ್ನು ಕುರಿತ ಅವರ ದೊಡ್ಡ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಬಾದಾಮಿಯ ಸಮೀಪದಲ್ಲಿ ಮಲಪ್ರಭಾ ನದಿಯ ದಡದ ಖ್ಯಾಡ ಎಂಬಲ್ಲಿ ಅವರಿಗೆ ಹಳೆಯ ಶಿಲಾಯುಗದ ಆಯುಧಗಳು ದೊರೆತವು. ಬಳ್ಳಾರಿಯ ಬಳಿ ಕಪ್ಪಗಲ್ಲು ಮತ್ತು ಸಂಗನಕಲ್ಲುಗಳ ಬೆಟ್ಟದಲ್ಲಿ ನವಶಿಲಾಯುಗದ ಜನರು ಕಲ್ಲುಕೊಡಲಿಗಳನ್ನು ತಯಾರಿಸುತ್ತಿದ್ದ ದೊಡ್ಡ ಕಾರ್ಖಾನೆಯನ್ನೇ ಅವರು ಗುರುತಿಸಿದರು. ಬೆಟ್ಟದ ಬಿಳಿಯ ಕಲ್ಲನ್ನು ಸೀಳಿಕೊಂಡು ಗೋಡೆಯಂತೆ ನಿಂತಿರುವ ಕಪ್ಪು ಡಾಲರೈಟ್ ಶಿಲೆಯೇ ಅಲ್ಲಿಯ ಜನರಿಗೆ ಬೇಕಾದ ಸಾಮಗ್ರಿ. ಒಡೆದ ಚಕ್ಕೆ, ಅರ್ಧ ಕೆತ್ತಿದ ಕೊಡಲಿ, ಉಜ್ಜಿ ನಯಗೊಳಿಸಿದ ಕೊಡಲಿ, ಹೀಗೆ ಎಲ್ಲ ಹಂತದವೂ ಅಲ್ಲಿ ಬಿದ್ದಿದ್ದವು. ಸಾವಿರಾರು ವರ್ಷಗಳ ಹಿಂದಿನ ಆ ಕೊಡಲಿಗಾರನಿಗೂ ಶಿಲೆಗಳ ಜಾತಿ ತಿಳಿದಿದ್ದಿತೆಂಬುದು ಇದರಿಂದ ವಿಶದವಾಗುತ್ತದೆ.

ಹಳೆಯ ಆಯುಧಗಳ ಶೋಧನೆಯು ಫೂಟರಿಗೆ ಬಿಡುವಿನ ವೇಳೆಯ ಹವ್ಯಾಸ. ಸರಕಾರವು ಅವರಿಗೆ ಸಂಬಳ ಕೊಡುತ್ತಿದ್ದುದು ಶಿಲೆ ಖನಿಜಗಳ ನಕ್ಷೆಗಾಗಿ. ಆ ಖನಿಜಗಳಲ್ಲಿ ಜನರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದುದು ಚಿನ್ನ. ಗದಗ ಪ್ರಾಂತದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ಜಾಲಿಸಿ ಚಿನ್ನದ ರವೆಗಳನ್ನು ತೆಗೆಯುವ ಜಾಲಗಾರರೆಂಬ ಜನರಿದ್ದರು. ಮರದ ಮರಿಗೆಯಲ್ಲಿ ನೀರು ಮರಳುಗಳನ್ನು ಕುಲುಕಿದಾಗ ಹಗುರವಾದ ಮರಳು ಕೊಚ್ಚಿಹೋಗಿ ಭಾರವಾದ ಚಿನ್ನವು ತಳದಲ್ಲಿ ಉಳಿಯುತ್ತದೆ. ಆ ಚಿನ್ನವು ಹಳ್ಳಕ್ಕೆ ಎಲ್ಲಿಂದ ಬಂದಿತು? ಫೂಟರು ಹಳ್ಳವನ್ನು ಹಿಡಿದು ಮೇಲಕ್ಕೆ ನಡೆದು ಶಿಲೆಗಳನ್ನು ಪರೀಕ್ಷಿಸಿದರು. ದಂಬಳದ ಬೆಟ್ಟಗಳ ಚಿನ್ನದ ಶಿಲೆಗಳನ್ನು ಕುರಿತು 1874ರಲ್ಲಿ ಲೇಖನವನ್ನು ಪ್ರಕಟಿಸಿದರು. ಮೈಸೂರಿನ ಚಿನ್ನದ ಪ್ರದೇಶಗಳನ್ನು ಅಡ್ಡಲಾಗಿ ದಾಟಿ ನೋಡಿದುದರ ವರದಿಯು 1882ರಲ್ಲಿ ಬಂದಿತು. 1887ರಲ್ಲಿ ಮೈಸೂರು ಸಂಸ್ಥಾನಕ್ಕಾಗಿ ಅಲ್ಲಿಯ ಚಿನ್ನದ ಶಿಲೆಗಳನ್ನು ವಿಸ್ತಾರವಾಗಿ ಪರೀಕ್ಷಿಸಿದರು.

ಆಗಿನ ಕಾಲಕ್ಕೆ ಈ ಕೆಲಸವು ಎಷ್ಟು ಅಗತ್ಯವಾಗಿದ್ದಿತೆಂಬುದನ್ನು ಹೇಳಬೇಕು. 1880ರ ಸುಮಾರಿನಲ್ಲಿ ದಕ್ಷಿಣ ಭಾರತದ ಚಿನ್ನದ ಹೆಸರಿನಲ್ಲಿ ಲಂಡನ್ ನಗರದಲ್ಲಿ ಹತ್ತಾರು ಕಂಪನಿಗಳು ಎದ್ದವು. ಜನರು ಕಣ್ಣುಮುಚ್ಚಿ ಹಣವನ್ನು ಸುರಿದರು. ವಯನಾಡಿನಲ್ಲಿ ತೋಡಿದ ಗಣಿಗಳಲ್ಲಿ ಹಾಕಿದ ಹಣವೂ ಹಿಂದಿರುಗಲಿಲ್ಲ. ಬೆಣಚುಕಲ್ಲು ಕಂಡಲ್ಲೆಲ್ಲ ಚಿನ್ನವಿದೆಯೆಂಬ ಭ್ರಾಂತಿಯೇ ಈ ನಷ್ಟಕ್ಕೆ ಕಾರಣ. ಬೆಣಚುಕಲ್ಲು ನಾಡಿನ ತುಂಬ ಇದೆ. ಚಿನ್ನವಿರುವ ಬೆಣಚುಕಲ್ಲು ಮಾತ್ರ ಕೆಲವು ಶಿಲೆಗಳ ಜೊತೆಯಲ್ಲಿಯೇ ಇರುತ್ತದೆ. ಆ ಶಿಲೆಗಳು ಯಾವುವು, ಅವು ಎಲ್ಲಿಂದ ಎಲ್ಲಿಗೆ ಹಬ್ಬಿವೆ ಎಂಬುದನ್ನು ತಿಳಿಯದೆ ತೋಡುವುದು ಕುರುಡನು ಬಾಣ ಬಿಟ್ಟಂತೆ.

ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟುದೇ ಫೂಟರ ಭೂಗರ್ಭಶಾಸ್ತ್ರದ ಮುಖ್ಯ ಸಾಧನೆ. ಅದುವರೆಗೆ ದಕ್ಷಿಣ ಭಾರತದ ಅತಿ ಪ್ರಾಚೀನ ಶಿಲೆಗಳನ್ನೆಲ್ಲ ಒಂದೇ ರಾಶಿಯೆಂದು ಭಾವಿಸುತ್ತಿದ್ದರು. ಬೂದುಬಣ್ಣದ ನೈಸ್ ಶಿಲೆಗಳ ನಡುನಡುವೆ, ಉತ್ತರದಿಂದ ದಕ್ಷಿಣಕ್ಕೆ ನಾಡನ್ನು ಹಾಯ್ದು ಹೋಗುವ ಕಪ್ಪು ಹಸುರು ಬಣ್ಣದ ಪದರಶಿಲೆಗಳ ಉದ್ದುದ್ದವಾದ ಪಟ್ಟಿಗಳನ್ನು ಫೂಟರು ಬೇರೆಯಾಗಿ ಗುರುತಿಸಿದರು. ಹಳೆಯ ಅಗ್ನಿಪರ್ವತಗಳ ಲಾವಾ, ಸಮುದ್ರದ ಕೆಸರು ಮರಳು ಮೊದಲಾದುವು ಒತ್ತಡ ಶಾಖಗಳಿಂದ ರೂಪಾಂತರ ಹೊಂದಿ, ಮಡಿಚಿ ಮುದುಡಿ ಈ ಪಟ್ಟಿಗಳಾಗಿವೆ. ಧಾರವಾಡ ಪ್ರಾಂತದಲ್ಲಿ ಅವು ಚೆನ್ನಾಗಿ ಕಾಣುವುದರಿಂದ ಈ ಶಿಲೆಗಳಿಗೆ ಧಾರವಾಡ ವರ್ಗವೆಂದು ಹೆಸರಿಟ್ಟರು. ದಕ್ಷಿಣ ಭಾರತದ ಚಿನ್ನಕ್ಕೆ ಮುಖ್ಯವಾದ ಆಶ್ರಯವು ಈ ವರ್ಗವೇ ಎಂಬುದನ್ನು 1888ರಲ್ಲಿ ಪ್ರಕಟಿಸಲಾರಂಭಿಸಿದ ಲೇಖನದಲ್ಲಿ ಪ್ರತಿಪಾದಿಸಿದರು. ದಂಬಳದಿಂದ ಚಿಕ್ಕನಾಯಕನಹಳ್ಳಿಯವರೆಗೆ ಹೋಗುವುದು ಅಂತಹ ಒಂದು ಪಟ್ಟಿ, ಕೋಲಾರದ್ದು ಇನ್ನೊಂದು. ಫೂಟರ ಅಭಿಪ್ರಾಯಗಳಲ್ಲಿ ಕೆಲವನ್ನು ಮುಂದಿನವರು ತಿದ್ದಿದ್ದಾರೆ. ನೈಸ್ ಶಿಲೆಗಳಲ್ಲಿ ಧಾರವಾಡ ಶಿಲೆಗಳಿಗಿಂತ ಈಚಿನವೂ ಉಂಟೆಂದು ಈಗ ತಿಳಿದಿದೆ. ಆದರೆ ಅವರು ಇಟ್ಟ ಹೆಸರು ಮಾತ್ರ ಅಳಿಯಲಿಲ್ಲ. ಇಂದಿಗೂ ಪ್ರಪಂಚದ ಭೂಗರ್ಭಶಾಸ್ತ್ರಜ್ಞರು ಕರ್ನಾಟಕದ ಪ್ರಾಚೀನ ಭೂಖಂಡವನ್ನು ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ.

33 ವರ್ಷಗಳ ಸೇವೆಯ ಬಳಿಕ 1891ರಲ್ಲಿ ಫೂಟರು ಸಮೀಕ್ಷಾ ಇಲಾಖೆಯಿಂದ ನಿವೃತ್ತರಾದರು. ಆದರೆ ಅವರ ಸುತ್ತಿಗೆಗೆ ವಿಶ್ರಾಂತಿಯಿರಲಿಲ್ಲ. ಮೂರನೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು ಆಗ ಬರೋಡಾ ಸಂಸ್ಥಾನವನ್ನು ಆಳುತ್ತಿದ್ದರು. ಅವರ ಸಂಸ್ಥಾನದ ಭೂಗರ್ಭಶಾಸ್ತ್ರಜ್ಞರಾಗಿ ಫೂಟರು ಗುಜರಾತಿಗೆ ಬಂದರು. ಬರೋಡಾ ಸಂಸ್ಥಾನವು ಒಂದೇ ಕಡೆ ಕೂಡಿದ ನಾಡಾಗಿರಲಿಲ್ಲ. ಬರೋಡಾ, ಕಡಿ, ನವಸಾರಿ, ಅಮರೇಲಿ ಎಂಬ ಪ್ರಾಂತಗಳು ಗುಜರಾತ್ ಸೌರಾಷ್ಟ್ರಗಳಲ್ಲಿ ಚದುರಿಕೊಂಡಿದ್ದವು. ಅವೆಲ್ಲವನ್ನೂ ಸಂಚರಿಸಿ ಶಿಲೆಗಳ ವಿವರವನ್ನು ಅವರು ಸಂಗ್ರಹಿಸಿದರು. ಬರೋಡಾ ಸಂಸ್ಥಾನದ ಭೂಗರ್ಭವನ್ನು ಕುರಿತ ಅವರ ಗ್ರಂಥವು 1898ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಕರ್ನಾಟಕದ ಶಿಲೆಗಳಲ್ಲಿ ಪಳಗಿದವರಿಗೆ ವಡೋದರಾದ ಸುತ್ತಣ ನೆಲವು ಬೇರೊಂದು ಲೋಕದಂತೆ. ವಿಶ್ವಾಮಿತ್ರಿ ನದಿಯ ದಡದಲ್ಲಿರುವ ನಮ್ಮ ನಗರವು ನದಿಗಳು ತಂದು ಹರಡಿದ ಮೆಕ್ಕಲು ಮಣ್ಣಿನ ಮೇಲೆ ನಿಂತಿದೆ. ಬಂಡೆಯನ್ನು ಕಾಣಬೇಕಾದರೆ ಪಾವಾಗಢದ ಕಡೆಗೆ ಹೋಗಬೇಕು. ಪಾವಾಗಢವಾದರೋ ಲಾವಾ ಹರಿದು ಆದ ಬೆಟ್ಟ. ಅದರ ವಯಸ್ಸು ಸುಮಾರು 6 ಕೋಟಿ 60 ಲಕ್ಷ ವರ್ಷ. ಕೋಲಾರದ ಶಿಲೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಪಾವಾಗಢಕ್ಕಿಂತ ಕೋಲಾರವು ಸುಮಾರು ನಲವತ್ತು ಪಾಲು ಹಳೆಯದು. ಬಂಡೆಗಳು ಅಪೂರ್ವವಾದ ಈ ಮೆಕ್ಕಲು ಸೀಮೆಯಲ್ಲಿಯೂ ಫೂಟರು ಬರಿಗೈಯಲ್ಲಿ ಹಿಂದಿರುಗಲಿಲ್ಲ. 1893ರಲ್ಲಿ ಸಾಬರಮತಿ ನದಿಯು ಕೊರೆದ ಎತ್ತರವಾದ ದಡಗಳಲ್ಲಿ, ಸಾದೋಲಿಯಾ ಮತ್ತು ಪೇಢಾಮಲಿ ಎಂಬ ಗ್ರಾಮಗಳ ಬಳಿ, ಹಳೆಯ ಶಿಲಾಯುಗದ ಆಯುಧಗಳನ್ನು ಕಂಡುಹಿಡಿದರು. ಗುಜರಾತಿನ ಪ್ರಾಚೀನ ಮಾನವನ ಕಥೆಯು ಅಲ್ಲಿಂದ ಪ್ರಾರಂಭವಾಗುತ್ತದೆ. 1941ರಲ್ಲಿ ಪುರಾತತ್ತ್ವಜ್ಞರಾದ ಡಾ. ಹಸಮುಖ ಸಂಕಾಲಿಯಾ ಅವರು ಗುಜರಾತಿನ ಶೋಧನೆಗೆ ಹೊರಟಾಗ ಹಿಡಿದುದು ಫೂಟರು ತೋರಿಸಿದ್ದ ಜಾಡನ್ನೇ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಅಗೆತವನ್ನು ನಡೆಸಿದ ಡಾ. ಬಿ. ಸುಬ್ಬರಾವ್ ಎಂಬುವರು ಮುಂದೆ ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪುರಾತತ್ತ್ವ ವಿಭಾಗದ ಮುಖ್ಯಸ್ಥರಾದರು. ಫೂಟರು ನಡೆದ ದಾರಿಯಲ್ಲಿಯೇ ಬಳ್ಳಾರಿಯಿಂದ ವಡೋದರಾಕ್ಕೆ ಇನ್ನೊಬ್ಬರು ಬಂದಂತಾಯಿತು.

1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂಗರ್ಭಶಾಸ್ತ್ರ ಇಲಾಖೆಯನ್ನು ತೆರೆಯಿತು. ಅದನ್ನು ಪ್ರಾರಂಭಿಸಿಕೊಡುವ ಹೊಣೆಯು ಅರವತ್ತರ ವಯಸ್ಸಿನ ಫೂಟರ ಮೇಲೆ ಬಿದ್ದಿತು. ಅವರ ತರುವಾಯ ಸ್ಮೀತ್ ಎಂಬುವರು ಇಲಾಖೆಯನ್ನು ಬೆಳೆಸಿದರು. ಕೋಲಾರದಲ್ಲಿ ಆಗ ಗಣಿಗಳ ಉಚ್ಛ್ರಾಯ ಕಾಲ. ಮುಂದೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದಿತು. ಗಣಿಗಳು ಆಳಕ್ಕಿಳಿಯುತ್ತ ಹೋಗಿ ಕೊನೆಗೆ ಚಾಂಪಿಯನ್ ರೀಫ್ ಗಣಿಯು ಸುಮಾರು 3,200 ಮೀಟರ್ ಆಳವನ್ನು ಮುಟ್ಟಿ ಪ್ರಪಂಚದ ಅತಿ ಆಳವಾದ ಗಣಿಗಳ ಸಾಲಿಗೆ ಸೇರಿತು. ನೂರಿಪ್ಪತ್ತು ವರ್ಷಗಳಲ್ಲಿ ಕೋಲಾರವು ಸುಮಾರು 800 ಟನ್ ಚಿನ್ನವನ್ನು ಕೊಟ್ಟಿತು.

ಆ ಗಣಿಯ ಅದಿರಿನಲ್ಲಿಯೇ ಮೊದಲು ಹೇಳಿದ ಕೋಲಾರೈಟ್ ಅಡಗಿದ್ದಿತು. ಅದು ಹೇಗೆ ಉಂಟಾಯಿತೆಂಬುದನ್ನು ಈಗ ನೋಡೋಣ. ಟೆಲ್ಲೂರಿಯಮ್ ಎಂಬುದು ಗಂಧಕದ ಕುಲಕ್ಕೆ ಸೇರಿದ ಮೂಲವಸ್ತು. ನೋಡಲು ಬೆಳ್ಳಿಯಂತೆ ಹೊಳೆಯುತ್ತದೆ. ಬಡಿದರೆ ಲೋಹದಂತೆ ತಗಡಾಗದೆ ಪುಡಿಯಾಗುತ್ತದೆ. ಅದರ ಸೋಂಕು ತಗಲಿದವರ ಉಸಿರು ಬೆಳ್ಳುಳ್ಳಿಯಂತೆ ನಾರುವುದೆಂಬುದೊಂದು ಸೋಜಿಗ. 1782ರಲ್ಲಿ ಯೂರೋಪಿನ ಟ್ರಾನ್ಸಿಲ್ವೇನಿಯಾ ಪ್ರಾಂತದ ಚಿನ್ನದ ಅದಿರಿನಲ್ಲಿ ಮ್ಯುಲರ್ ಎಂಬುವರು ಇದನ್ನು ಮೊದಲು ಕಂಡರು. 1798ರಲ್ಲಿ ಕ್ಲಾಪ್ರೋತ್ ಎಂಬ ರಸಾಯನಶಾಸ್ತ್ರಜ್ಞರು ಭೂಮಿಯೆಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಹೆಸರಿಟ್ಟರು. ಭೂಮಿಯ ಹೆಸರನ್ನು ಹೊತ್ತಿದ್ದರೂ ಭೂಮಿಯ ಹೊರಪದರದಲ್ಲಿ ಅದು ಇರುವುದು ನೂರು ಕೋಟಿ ಭಾಗಗಳಲ್ಲಿ ಒಂದೆರಡು ಭಾಗದಷ್ಟು ಮಾತ್ರ.

ಭೂಮಿಯ ಆಳದಲ್ಲಿ ಕೆಲವು ನೂರು ಡಿಗ್ರಿ ಶಾಖದ ನೀರು ಮಹಾ ಒತ್ತಡದಲ್ಲಿ ಶಿಲೆಗಳ ಬಿರುಕುಗಳನ್ನು ಹಿಡಿದು ಮೇಲಕ್ಕೇರುತ್ತದೆ. ಅದು ದಾರಿಯಲ್ಲಿ ಚಿನ್ನ, ಸೀಸ, ಬೆಳ್ಳಿ, ಗಂಧಕ ಮೊದಲಾದುವನ್ನು ಕರಗಿಸಿಕೊಂಡು ಬರುತ್ತದೆ. ಶಾಖವೂ ಒತ್ತಡವೂ ಇಳಿದಂತೆಲ್ಲ ಕರಗಿದ್ದ ವಸ್ತುಗಳು ಒಂದೊಂದಾಗಿ ಹರಳುಗಟ್ಟುತ್ತವೆ. ಬೆಣಚುಕಲ್ಲು ಬಿರುಕನ್ನು ತುಂಬುತ್ತದೆ. ಅದರ ಒಳಗೆ ಚಿನ್ನದ ಎಳೆಗಳು ಸೇರುತ್ತವೆ. ಸೀಸಕ್ಕೆ ಗಂಧಕವು ದೊರೆತರೆ ಗೆಲೀನಾ ಎಂಬ ಸಾಮಾನ್ಯವಾದ ಸೀಸದ ಅದಿರಾಗುತ್ತದೆ. ಗಂಧಕದ ಬದಲಾಗಿ ಟೆಲ್ಲೂರಿಯಮ್ ದೊರೆತರೆ ಆಲ್ಟಾಯಿಟ್ ಎಂಬ ಖನಿಜವಾಗುತ್ತದೆ. ಮಧ್ಯ ಏಷ್ಯಾದ ಆಲ್ಟಾಯ್ ಪರ್ವತಗಳಲ್ಲಿ ಮೊದಲು ದೊರೆತುದರಿಂದ 1845ರಲ್ಲಿ ಅದಕ್ಕೆ ಆ ಹೆಸರು ಬಂದಿತು.

ಆಲ್ಟಾಯಿಟ್ ಮತ್ತು ಗೆಲೀನಾಗಳು ಅಣ್ಣತಮ್ಮಂದಿರಂತೆ. ಎರಡರ ಹರಳಿನ ರಚನೆಯೂ ಅಡಿಗೆಯ ಉಪ್ಪಿನಂತೆ ಚೌಕಾಕಾರದ ಘನ. ಒಡೆದರೆ ಘನಗಳಾಗಿಯೇ ಸೀಳುತ್ತವೆ. ಆಲ್ಟಾಯಿಟಿನ ತೂಕದಲ್ಲಿ 100ಕ್ಕೆ 62 ಭಾಗ ಸೀಸ, 38 ಭಾಗ ಟೆಲ್ಲೂರಿಯಮ್. ಬಣ್ಣವು ಹಳದಿಯ ಛಾಯೆಯುಳ್ಳ ತವರದ ಬಿಳುಪು. ಗಾಳಿಗೆ ಒಡ್ಡಿದರೆ ಕಂಚಿನ ಬಣ್ಣಕ್ಕೆ ಮಾಸುತ್ತದೆ. ಚಾಕುವಿನಿಂದ ಗೀರಬಹುದಾದಷ್ಟು ಮೆದು. ಆದರೆ ನೀರಿಗಿಂತ ಎಂಟು ಪಾಲಿಗೂ ಮಿಕ್ಕು ಭಾರ. ಅದೇ ಗಾತ್ರದ ಗ್ರಾನೈಟ್ ಕಲ್ಲಿನ ತೂಕದ ಮೂರರಷ್ಟು. ಕಾರ್ಖಾನೆಯಲ್ಲಿ ತಯಾರಿಸಿದ ಇದೇ ಸೀಸ ಟೆಲ್ಲೂರಿಯಮ್ ಸಂಯುಕ್ತಕ್ಕೆ ಒಂದು ವಿಶೇಷ ಗುಣವುಂಟು. ಅದರ ಒಂದು ತುದಿಯನ್ನು ಕಾಯಿಸಿ ಇನ್ನೊಂದು ತುದಿಯನ್ನು ತಣ್ಣಗಿಟ್ಟರೆ ವಿದ್ಯುತ್ತು ಹುಟ್ಟುತ್ತದೆ. 1976ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಅಮೆರಿಕದ ವೈಕಿಂಗ್ ನೌಕೆಗಳ ವಿದ್ಯುದ್ಯಂತ್ರಗಳಲ್ಲಿ ಈ ಸಂಯುಕ್ತವನ್ನು ಉಪಯೋಗಿಸಿದ್ದರು.

ಕೋಲಾರದ ಅದಿರಿನಲ್ಲಿ ಸೀಸ ಟೆಲ್ಲೂರಿಯಮ್‌ಗಳ ಜೊತೆಗೆ ಕ್ಲೋರಿನ್ ಕೂಡ ಸೇರಿತು. ಕ್ಲೋರಿನ್ ಎಂದರೆ ನಾವು ದಿನವೂ ತಿನ್ನುವ ಉಪ್ಪಿನಲ್ಲಿರುವ ಮೂಲವಸ್ತು. ಈ ಮೂರೂ ಒಂದೆಡೆ ಕೂಡಿ ಖನಿಜವಾಗುವುದು ಪ್ರಕೃತಿಯಲ್ಲಿ ಅತ್ಯಪೂರ್ವ. ಕೋಲಾರೈಟಿನಲ್ಲಿ ಸೀಸದ ಒಂದು ಪರಮಾಣುವಿಗೆ ಟೆಲ್ಲೂರಿಯಮಿನದೊಂದು, ಕ್ಲೋರಿನ್ನಿನವು ಎರಡು. ತೂಕದಲ್ಲಿ ಅರ್ಧದಷ್ಟು ಸೀಸವೇ. ಅದಿರಿನ ತುಂಡನ್ನು ಕನ್ನಡಿಯಂತೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಣದ ಮೇಲೆ ಎಲೆಕ್ಟ್ರಾನ್ ಕಿರಣವನ್ನು ಬಿಟ್ಟು, ಅದರಿಂದ ಹೊಮ್ಮುವ ಎಕ್ಸ್ ಕಿರಣಗಳಿಂದ ಯಾವ ಮೂಲವಸ್ತು ಎಷ್ಟಿದೆ ಎಂಬುದನ್ನು ಅಳೆಯುವ ಯಂತ್ರವಿಲ್ಲದಿದ್ದರೆ ಇದನ್ನು ಗುರುತಿಸುವುದೇ ಸಾಧ್ಯವಿರಲಿಲ್ಲ. ಅದರ ಜೊತೆಯಲ್ಲಿಯೇ ಇನ್ನೊಂದು ಸೀಸ ಟೆಲ್ಲೂರಿಯಮ್ ಖನಿಜವೂ ದೊರೆಯಿತು. ಅದಕ್ಕೆ ರಾಧಾಕೃಷ್ಣೈಟ್ ಎಂದು ಹೆಸರಿಟ್ಟರು. ಆ ಹೆಸರು ಕರ್ನಾಟಕದ ಭೂಗರ್ಭಶಾಸ್ತ್ರಜ್ಞರಾದ ಡಾ. ಬಿ. ಪಿ. ರಾಧಾಕೃಷ್ಣ ಅವರ ಗೌರವಾರ್ಥವಾದುದು. ಫೂಟರು ಪ್ರಾರಂಭಿಸಿಕೊಟ್ಟ ಇಲಾಖೆಯಲ್ಲಿ ಬೆಳೆದು ಅದರ ನಿರ್ದೇಶಕರಾದವರು ಅವರು. ಭೂಮಿಯ ವಿಷಯವನ್ನು ಕನ್ನಡದಲ್ಲಿಯೂ ಬರೆದವರು.

ಫೂಟರ ಕೊನೆಯ ವರ್ಷಗಳು ಸೇಲಮಿನ ಬಳಿಯ ಯೇರ್ಕಾಡು ಬೆಟ್ಟದ ಮೇಲೆ ಕಳೆದವು. ದಕ್ಷಿಣ ಭಾರತ, ಗುಜರಾತುಗಳ 400ಕ್ಕೂ ಹೆಚ್ಚು ಸ್ಥಳಗಳಿಂದ ಆರಿಸಿ ತಂದ ಸಾವಿರಾರು ಆಯುಧಗಳೂ ಮಡಕೆಯ ಚೂರುಗಳೂ ಅವರ ಬಳಿ ಇದ್ದವು. 1904ರಲ್ಲಿ ಆ ಸಂಗ್ರಹವು ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಸಂಗ್ರಹವನ್ನು ಒಪ್ಪಿಸಿ ಅವರು ಕೈತೊಳೆದುಕೊಳ್ಳಲಿಲ್ಲ. ಪ್ರತಿಯೊಂದು ವಸ್ತುವೂ ಎಲ್ಲಿಯದು, ಯಾವ ಶಿಲೆಯದು, ಯಾವ ಕಾಲದ್ದೆಂದು ಊಹಿಸಬಹುದು ಎಂಬುದನ್ನೆಲ್ಲ ವಿವರಿಸುವ ಪಟ್ಟಿಯನ್ನು ಸಿದ್ಧಗೊಳಿಸುವ ಕೆಲಸವನ್ನು ಕೈಕೊಂಡರು. ಅದು ಅಚ್ಚಾಗುವುದನ್ನು ನೋಡುವ ಭಾಗ್ಯವು ಅವರಿಗೆ ಒದಗಲಿಲ್ಲ. 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ ಅವರು ತೀರಿಕೊಂಡರು. ಅವರ ಸ್ಮಾರಕವು ಯೇರ್ಕಾಡಿನ ಚರ್ಚಿನಲ್ಲಿದೆ. ಪಟ್ಟಿಯ ಒಂದು ಸಂಪುಟವು 1914ರಲ್ಲಿಯೂ ಇನ್ನೊಂದು 1916ರಲ್ಲಿಯೂ ಪ್ರಕಟವಾದವು. ಭಾರತದ ಪ್ರಾಗಿತಿಹಾಸದ ಪಿತಾಮಹರೆಂಬ ಬಿರುದು ಅವರಿಗೆ ಸಂದಿದೆ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಚಿನ್ನವು ಎಂದೋ ಊರು ಬಿಟ್ಟು ಹೋಯಿತು. ಹಿಂದೆ ಆರಿಸಿ, ಸ್ಥಳವನ್ನು ಬರೆದಿಟ್ಟ ಅದಿರಿನ ತುಂಡುಗಳಿಂದಲೇ ಕೋಲಾರೈಟ್ ಎಂಬುದೊಂದಿದೆ ಎಂದು ಜಗತ್ತಿಗೆ ತಿಳಿಯಿತು. ಸ್ಥಳದ ಗುರುತಿಲ್ಲದೆ ಕೈಗೆ ಬಂದಿದ್ದರೆ ಪಲ್ಲಾವರಮಿನ ಕೈಗೊಡಲಿಯೂ ಬರಿಯ ಕಲ್ಲು. ಕೋಲಾರದ ಅದಿರೂ ಬರಿಯ ಕಲ್ಲೇ. ಎಲ್ಲಿ ದೊರೆಯಿತು, ಯಾವ ಪದರದಲ್ಲಿ ದೊರೆಯಿತು, ಅದರ ಜೊತೆಗೆ ಏನಿದ್ದಿತು ಎಂಬ ಮೂರು ಮಾತುಗಳು ಸೇರಿದಾಗ ಮಾತ್ರ ಕಲ್ಲು ತನ್ನ ಕಥೆಯನ್ನು ಹೇಳತೊಡಗುತ್ತದೆ. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಫೂಟರು ಬಿಡದೆ ನಡೆಸಿದ ವ್ರತವು ಇದೇ. ನಮ್ಮ ವಿದ್ಯಾರ್ಥಿಗಳು ಪಾವಾಗಢಕ್ಕೋ ಸಾಬರಮತಿಯ ದಡಕ್ಕೋ ಪ್ರವಾಸ ಹೋದಾಗ ಕಲ್ಲೊಂದನ್ನು ಗಮನಿಸಿದರೆ ಅದರ ಸ್ಥಳ, ತಾರೀಖುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ. ಅದು ಆಯುಧದಂತೆ ಕಂಡರೆ ಇದ್ದಲ್ಲಿಯೇ ಬಿಟ್ಟು ಗುರುಗಳಿಗೆ ತಿಳಿಸಲಿ.